ಗೌಡರ ಧೋತರದ ಚುಂಗು

“ಹೊಸ್ತಿಲ ದಾಟೀದಿ ಅಂದ್ರ ಕಾಲು ಮುರೀತೀನಿ, ಹಣಮಿ! ಕಲಿಯೂದಿದ್ರ ಅಂಗಳದಾಗ ಕುಂತು ಕಲಿ, ಸೂಳಿಮಗಳ!”

ಹೀಗೆ ಹರಸಿದವರು ಜಾಲಹಳ್ಳಿಯ ಹನುಮಂತರಾಯ ಗೌಡರು. ಹೆಣ್ಣುಮಕ್ಕಳನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವ ಸಂಘಕ್ಕೆ ಅವರೇ ಅಧ್ಯಕ್ಷರು. ಹೊಲಿಗೆ ತರಬೇತಿ ನಡೆಯುವುದೂ ಅವರ ಮನೆಯ ಪಡಸಾಲೆಯಲ್ಲೇ. ಮೆಷಿನ್‌ಗಳೆಲ್ಲ ಒಳಗೆ, ಕೇರಿಯ ಹಣಮಮ್ಮ ಹೊರಗೆ. ಮೂರು ತಿಂಗಳಲ್ಲಿ ಅವಳ ಕೈಗೆ ಬಂದದ್ದು ಕಾಜಾ, ಗುಂಡಿ, ಹುಕ್ಕು ಮಾತ್ರ. ಅವಳು ಹಚ್ಚಿದ ಹುಕ್ಕಿಗೆ ಮೈಲಿಗೆ ಇರಲಿಲ್ಲ. ಗೌಡರ ಹೆಂಡತಿಯ ಜಂಪರಿಗೂ ನಡೆಯುತ್ತಿತ್ತು.

ಮಾನ್ವಿಯಿಂದ ಬರುತ್ತಿದ್ದ ಟೀಚರ್ ಕಮರುನ್ನೀಸಾಗೆ ಒಂದು ದುರಭ್ಯಾಸವಿತ್ತು. ಪಾಠ ಹೇಳುವಾಗ ಕಿಟಕಿಯ ಪಕ್ಕ ನಿಂತು, ಕಿವುಡರಿಗೆ ಹೇಳುವಂತೆ ಕೂಗುತ್ತಿದ್ದಳು: “ಬಟ್ಟಿ ಇಡ್ರಿ, ಸೂಜಿ ಇಳಸ್ರಿ, ಆಮ್ಯಾಗ ಕಾಲು ಆಡಸ್ರಿ!” ಅಂಗಳದಲ್ಲಿ ಹಣಮಮ್ಮ ಇಟ್ಟಂಗಿಯ ಮೇಲೆ ಹಲಗೆ ಇಟ್ಟುಕೊಂಡು ಕಾಲು ಆಡಿಸುತ್ತಿದ್ದಳು.

ಪರೀಕ್ಷೆಯ ದಿನ ರಾಯಚೂರಿನಿಂದ ಇಲಾಖೆಯ ಸಾಹೇಬರು ಬಂದರು. ಚೆನ್ನಾಗಿ ಹೊಲಿದವಳಿಗೆ ಒಂದು ಮೆಷಿನ್ ಕೊಡುವುದಿತ್ತು. ಅದು ಸಿಕ್ಕರೆ ಗೌಡರ ಹತ್ತಿ ಹೊಲದ ಕೂಲಿಗೂ ಗೌಡರ ಬಾಯಿಗೂ ಒಂದೇ ಸಲ ದೊಡ್ಡ ನಮಸ್ಕಾರ ಹಾಕಬೇಕೆಂದು ಹಣಮಮ್ಮನಿಗೆ ಜೀವ ಹೋಗುವಷ್ಟು ಆಸೆ. ಗೌಡರಾದರೋ ಸೊಸೆಯ ಕೋಣೆಯಲ್ಲಿ ಆ ಮೆಷಿನ್‌ಗೆ ಆಗಲೇ ಜಾಗ ಮಾಡಿಸಿಟ್ಟಿದ್ದರು.

“ಕೇರಿ ಹೆಣ್ಮಕ್ಕಳು ಎಲ್ಲಿ ಅದಾರ್ರೀ? ಫೋಟೋದಾಗ ಬೇಕ್ರಿ,” ಎಂದರು ಸಾಹೇಬರು.

ಹೊಸ್ತಿಲಿಗೆ ತಟ್ಟನೆ ಮರೆವು ಬಂತು. “ಬಾರವ್ವಾ ಹಣಮಮ್ಮಾ,” ಎಂದು ಗೌಡರೇ ಕರೆದು ಮೆಷಿನ್ ಮುಂದೆ ಕೂರಿಸಿದರು. ಬಗ್ಗಿ ಮೆಲ್ಲಗೆ, “ಸುಮ್ನ ಕಾಲು ಆಡಸು. ಫೋಟೋ ಆದಕೂಡ್ಲೇ ಎದ್ದು ನಡಿ, ಮೆಷಿನ್ ತೊಳಸೂದದ,” ಎಂದರು. ಆಮೇಲೆ ಹಲ್ಲು ಕಿರಿದು ಅವಳ ಪಕ್ಕ ನಿಂತರು. ಅವರ ಧೋತರದ ಚುಂಗು ಮೆಷಿನ್ ಮೇಲೇ ಬಿದ್ದಿತ್ತು.

ಹಣಮಮ್ಮನಿಗೆ ಕಿಟಕಿಯ ಪಾಠ ಬಾಯಿಪಾಠವಾಗಿತ್ತು. ಬಟ್ಟೆ ಇಟ್ಟಳು, ಅದರ ಮೇಲೆ ಚುಂಗನ್ನೂ ಎಳೆದಿಟ್ಟಳು. ಸೂಜಿ ಇಳಿಸಿದಳು. ಕಾಲು ಆಡಿಸಿದಳು.

ಫೋಟೋ ಮುಗಿಯಿತು. ಗೌಡರು ಹೆಜ್ಜೆ ಎತ್ತಿದರು, ಧೋತರ ಬರಲಿಲ್ಲ. ಜಗ್ಗಿದರು; ಸೊಂಟದ ಗಂಟೇ ಸಡಿಲಾಯಿತು. ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು ನಿಂತರು.

“ಏನ್ ಮಾಡಾಕತ್ತೀದಿ, ರಂಡಿ? ಬಿಡಸಬೇ!”

“ಹ್ಯಾಂಗ ಬಿಡಸಲ್ರೀ ಗೌಡ್ರ? ನಾ ಮುಟ್ಟಿದ್ರ ಮೈಲಿಗಿ ಆಗ್ತದಲ್ರೀ.”

ಕಮರುನ್ನೀಸಾ ತಲೆಯೆತ್ತಿ ಸೂರಿನ ತೊಲೆಗಳನ್ನು ನೋಡತೊಡಗಿದಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಹೊಲಿಗಿ ಮಾತ್ರ ಭಾಳ ನೆಟ್ಟಗ ಅದ,” ಎಂದರು.

ಧೋತರ ಇನ್ನೊಂದು ಬೆರಳು ಜಾರಿತು.

“ಯವ್ವಾ, ಹಣಮವ್ವಾ, ನಿನ್ನ ಕಾಲಿಗಿ ಬೀಳ್ತೀನಿ, ಬಿಡಸವ್ವಾ.”

ಹಣಮಮ್ಮ ಕತ್ತರಿ ಎತ್ತಿಕೊಂಡಳು. ಕತ್ತರಿಸಲಿಲ್ಲ. ಮಡಿಲಲ್ಲಿಟ್ಟುಕೊಂಡು ಸಾಹೇಬರ ಕಡೆ ತಿರುಗಿದಳು.

“ಮೆಷಿನ್ ಯಾರಿಗಿ ಅಂತ ಮೊದಲ ಬರೀರಿ, ಸಾಹೇಬ್ರ. ನನ್ನ ಹೆಸರು ಹಣಮಮ್ಮ. ಹಣಮಿ ಅಲ್ಲ.”