ಕೆಳಗಿನ ದಾರ

“ಇದನ್ನ ಹೊಲದವಗ ಅವ್ವ ಅನ್ನಾಕಿ ಇಲ್ಲೇನು? ಕೂಸಿಗಿ ಜೋಳಗಿ ಹೊಲದು ಕೊಡೋ ಅಂದ್ರ ಜಾಲಿಮುಳ್ಳು ಹೊಲದು ಕೊಟ್ಟಾನ!”

ಗೊಲ್ಲಾಳಮ್ಮ ಅಂಗಡಿಯ ಹೊಸ್ತಿಲ ಮೇಲೆ ನಿಂತೇ ಅಂದಳು. ಸುರಪುರದ ಬಜಾರದಲ್ಲಿ ಗುರಣ್ಣನ ಎಂಬ್ರಾಯಿಡರಿ ಅಂಗಡಿ ಇರುವುದು ಬಳೆ ಅಂಗಡಿಯ ಪಕ್ಕಕ್ಕೆ. ಅಲ್ಲಿ ಬಳೆ ಇಡಿಸಿಕೊಳ್ಳಲು ಕೈ ಚಾಚಿ ಕೂತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ನಮ್ಮ ಅಂಗಡಿಯಲ್ಲಿ ಕುಪ್ಪಸದ ಬಟ್ಟೆ ಹಿಡಿದು ನಿಂತವರು ಸೆರಗು ಬಾಯಿಗೆ ಇಟ್ಟುಕೊಂಡರು. ಹೊಲಿದವನು ಯಾರೆಂದು ಒಬ್ಬರಿಗೂ ಸಂಶಯ ಉಳಿಯಬಾರದು ಅನ್ನುವಂತೆ ಅವಳು ನೇರ ನನ್ನ ಮಷೀನಿನ ಹತ್ತಿರ ಬಂದು, ಆ ಬಟ್ಟೆಯ ಒಳಮಗ್ಗುಲನ್ನು ನನ್ನ ಗಲ್ಲಕ್ಕೆ ಒತ್ತಿ ತಿಕ್ಕಿದಳು.

“ಹೆಂಗದ? ಚುಚ್ಚಾಕತ್ತದಿಲ್ಲ? ನಿನ್ನಂಥ ಕೋಣಕ್ಕ ಚುಚ್ಚೋದು ನನ್ನ ಮಮ್ಮಗಗ ಚುಚ್ಚಂಗಿಲ್ಲೇನು? ಸಾಲಿಯಂತೂ ತಲಿಗಿ ಹತ್ತಲಿಲ್ಲ, ಕೈಗಾದ್ರೂ ಒಂದೀಟು ಬುದ್ಧಿ ಬ್ಯಾಡಾ?”

ನಗು ಈಗ ಸೆರಗಿನಲ್ಲಿ ನಿಲ್ಲಲಿಲ್ಲ. ನಾನು ಎದ್ದೆ. ಗುರಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದ.

“ಯಕ್ಕಾ, ಸಿಟ್ಟಾಗಬ್ಯಾಡ. ಹುಡುಗ ಹೊಸಬ. ಬಿಚ್ಚಿ ಮತ್ತ ಹೊಲದು ಕೊಡ್ತಾನ. ಕಾಂತೇಶಾ, ತಪ್ಪಾತು ಅನ್ನಲೇ.”

ನಾನು ಹೊಸಬನಲ್ಲ. ಇದೇ ಸಿಟ್ಟಿನಿಂದ ಶಹಾಪುರದ ಎರಡು ಅಂಗಡಿ ಬಿಟ್ಟು ಇಲ್ಲಿಗೆ ಬಂದವನು. ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಾಗಿನಿಂದ ಸೂಜಿಯ ಮುಂದೆಯೇ ಕೂತಿದ್ದೇನೆ. ತಪ್ಪಾತು ಅನ್ನಲಿಲ್ಲ.

“ನಾಳಿ ತೊಟ್ಟಲಕ ಹಾಕೋದದ,” ಎಂದಳು ಗೊಲ್ಲಾಳಮ್ಮ. “ಮುಂಜಾನಿ ಬರ್ತೀನಿ. ಸೀರಿ ಎಲ್ಲೆರ ಹರದೀ ಅಂದ್ರ ನೋಡು, ಒಂದು ಭಾಗ ನಮ್ಮ ಬೀಗತಿದದ. ಬಳಿಚಕ್ರ ಊರಾಕಿ. ಆಕಿ ಬಾಯಿ ನನ್ನಂಗ ಮೆತ್ತಗಿಲ್ಲ!”

ಜೋಳಿಗೆ ಎಂದರೆ ಎರಡೂ ತುದಿಗೆ ಕೋಲು ತೂರಿಸಿ, ತೊಲೆಗೆ ಹಗ್ಗದಿಂದ ತೂಗುಬಿಡುವ ಬಟ್ಟೆಯ ತೊಟ್ಟಿಲು. ಅವರ ಮನೆಯ ಪದ್ಧತಿಯಲ್ಲಿ ಅದನ್ನು ಒಂದೇ ಬಟ್ಟೆಯಿಂದ ಮಾಡುವಂತಿಲ್ಲ. ಕೂಸಿನ ತಾಯಿಯ ತವರಿನ ಹಳೆ ಸೀರೆಯದು ಒಂದು ಪಾಲು, ತಂದೆಯ ಮನೆಯ ಹಳೆ ಸೀರೆಯದು ಒಂದು ಪಾಲು; ಎರಡನ್ನೂ ಉದ್ದಕ್ಕೆ ಕೂಡಿಸಿ ಹೊಲಿಯಬೇಕು. ಕೂಸಿನ ಬೆನ್ನು ಸರಿಯಾಗಿ ಆ ಹೊಲಿಗೆಯ ಮೇಲೆಯೇ ಬರಬೇಕು. ಹೊಲಿಗೆ ಕಾಣದಂತೆ ಅದರ ಮೇಲೆ ಬಳ್ಳಿ ಬಿಡಿಸಲು ಹೇಳಿದ್ದಳು. ಹೊಳೆಯಲಿ ಎಂದು ನಾನು ಜರಿ ದಾರ ಹಾಕಿದ್ದೆ. ಮಷೀನಿನಲ್ಲಿ ಮೇಲೆ ಸೂಜಿಗೊಂದು ದಾರ, ಕೆಳಗೆ ಬಾಬಿನ್ನಿಗೊಂದು ದಾರ. ಒಂದು ಇನ್ನೊಂದನ್ನು ಹಿಡಿದುಕೊಂಡರೆ ಮಾತ್ರ ಹೊಲಿಗೆ. ನೋಡುವವರಿಗೆ ಕಾಣುವುದು ಮೇಲಿನದು. ಕೂಸಿನ ಮೈಗೆ ತಾಗುವುದು ಕೆಳಗಿನದು. ಕೆಳಗೆ ನಾನು ಎಂದಿನ ಬಿರುಸು ಪಾಲಿಸ್ಟರ್ ಹಾಕಿದ್ದೆ. ಅದರ ಸಂದಿಯಿಂದ ಜರಿಯ ತುದಿಗಳು ಇಣುಕಿದ್ದವು. ಅವಳು ತಿಕ್ಕಿದ ಕಡೆ ನನ್ನ ಗಲ್ಲ ಇನ್ನೂ ಉರಿಯುತ್ತಿತ್ತು.

ಮಧ್ಯಾಹ್ನವೆಲ್ಲ ಬ್ಲೇಡು ಹಿಡಿದು ಬಿಚ್ಚುತ್ತ ಕೂತೆ. ಬಳ್ಳಿಯ ಜೊತೆಗೆ ನಡುವಿನ ಹೊಲಿಗೆಯೂ ಬಿಚ್ಚಿಹೋಯಿತು. ಬೈಗುಳಗಳು ಒಂದರ ಹಿಂದೊಂದು ಬಾಯಿಗೆ ಬಂದವು. “ಎರಡು ತುಂಡಾಗಿ ಹೋಗ್ಲಿ ನಿನ್ನ ಜೋಳಗಿ,” ಅಂದೆ. ಮಷೀನಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ದಾರ ಹುಡುಕಲು ಎದ್ದೆ. ಈ ಸಲ ಆ ಮುದುಕಿ ಸೋಲಬೇಕು. ಕಣ್ಣಿಗೆ ಒತ್ತಿಕೊಂಡರೂ ಏನೂ ಹತ್ತಬಾರದು. ಹತ್ತಿಯ ದಾರವನ್ನು ರೆಪ್ಪೆಯ ಮೇಲೆ ಎಳೆದು ನೋಡಿದೆ, ಅಲ್ಲಲ್ಲಿ ಗಂಟು. ರೇಯಾನ್ ಮೆತ್ತಗಿತ್ತು, ಆದರೆ ಜಗ್ಗಿದರೆ ತುಂಡಾಯಿತು. ಅದು ಮೇಲಿನ ಬಳ್ಳಿಗೆ ಸಾಕು, ಭಾರ ಹೊರುವ ಹೊಲಿಗೆಗೆ ಸಾಲದು. ಗುರಣ್ಣ ಹೈದರಾಬಾದಿನಿಂದ ತೂಕದ ಮೇಲೆ ತರುವ ಉಳಿಕೆ ಮಾಲಿನಲ್ಲಿ, ಮೇಲಿನ ಹಲಗೆಯ ಮೇಲೆ ಒಂದು ಬಿಳಿ ಉಂಡೆ ಇತ್ತು. ಹೆಸರಿನ ಚೀಟಿ ಕಿತ್ತುಹೋಗಿತ್ತು. ರೆಪ್ಪೆಯ ಮೇಲೆ ಎಳೆದೆ. ಎಳೆದದ್ದೇ ಗೊತ್ತಾಗಲಿಲ್ಲ. ಬೆರಳಿಗೆ ಸುತ್ತಿ ಜಗ್ಗಿದೆ, ತಡೆಯಿತು. ಅದನ್ನೇ ಬಾಬಿನ್ನಿಗೆ ಸುತ್ತಿದೆ. ನಡುವಿನ ಹೊಲಿಗೆಯನ್ನೂ ಕೆಳಗೆ ಅದೇ ದಾರ ಇಟ್ಟು ಹೊಲಿದೆ, ಮೇಲೆ ಹಸಿರು ರೇಯಾನಿನ ಬಳ್ಳಿಯನ್ನೂ ಅದರ ಮೇಲೆಯೇ ಕೂಡಿಸಿದೆ.

ಬೆಳಿಗ್ಗೆ ಗೊಲ್ಲಾಳಮ್ಮ ಬಂದು ಒಳಮಗ್ಗುಲನ್ನು ತನ್ನ ಗಲ್ಲಕ್ಕೆ ತಿಕ್ಕಿಕೊಂಡಳು, ಕತ್ತಿಗೆ ತಿಕ್ಕಿಕೊಂಡಳು. ಏನೂ ಸಿಗಲಿಲ್ಲ. 

“ಮೊದಲ ಹಿಂಗ ಹೊಲದಿದ್ರ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?” ಎಂದು ಮಡಚಿ ಕಂಕುಳಲ್ಲಿಟ್ಟುಕೊಂಡು ತನ್ನೂರು ದೇವಾಪುರಕ್ಕೆ ಹೋಗುವ ಟಂಟಂ ಆಟೋ ಹತ್ತಿದಳು.

ನಾನು ಗೆದ್ದೆ ಅಂದುಕೊಂಡೆ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಬಿಳಿ ಕುಪ್ಪಸದ ಮೇಲೆ ಬಿಳಿ ಹೂವು ಬಿಡಿಸುವ ಕೆಲಸ ಬಂತು. ಆ ಉಂಡೆ ಹತ್ತಿರವೇ ಇತ್ತು. ಈ ಸಲ ಅದನ್ನು ಮೇಲೆ, ಸೂಜಿಗೆ ಹಾಕಬೇಕಿತ್ತು. ಸೂಜಿಗೆ ದಾರ ಪೋಣಿಸುವವರೆಲ್ಲ ಮಾಡುವಂತೆ ತುದಿಯನ್ನು ತುಟಿಯ ನಡುವೆ ಇಟ್ಟು ಒದ್ದೆ ಮಾಡಿದೆ. ಹೊರಗೆಳೆದರೆ ತುದಿ ಇಲ್ಲ. ತುಟಿಗೆ ಗೋಂದಿನಂಥದೇನೋ ಅಂಟಿತ್ತು. ಇನ್ನೊಂದು ಸಲ ಬಾಯಿಗಿಟ್ಟೆ. ನಾಲಿಗೆಯ ಮೇಲೆ ದಾರ ಲೋಳೆಯಾಗಿ, ಆಮೇಲೆ ಏನೂ ಆಗದೆ ಹೋಯಿತು.

ನಾನು ಕುಡಿಯುವ ನೀರಿನ ಗ್ಲಾಸಿನಲ್ಲಿ ಒಂದು ಗೇಣು ದಾರ ಬಿಟ್ಟೆ. ಅದು ಸುರುಳಿ ಸುತ್ತಿಕೊಂಡಿತು, ಬೆಳ್ಳಗೆ ಕದಡಿತು, ಕಾಣದಾಯಿತು. ಬರಿಯ ನೀರು.

“ಗುರಣ್ಣಾ, ಇದ್ಯಾವ ದಾರ?”

ಅವನು ಉಂಡೆಯನ್ನು ನೋಡಿ ನಕ್ಕ. “ಅದಾ? ಕಚ್ಚಾ ಹಾಕೋದಲೇ. ಸದ್ಯಕ್ಕ ನಿಲ್ಲಲಿ ಅಂತ ಹೊಲಿಗಿ ಹಾಕೋದು, ಅರಬಿ ತೊಳದ್ರ ತಾನೇ ಹೋಗ್ತದ. ಬಿಚ್ಚೋ ತ್ರಾಸಿಲ್ಲ. ನಮೂನಿಗಿ ಅಂತ ಒಂದು ಕೊಟ್ಟಿದ್ರು. ಯಾಕ?”

“ಜೋಳಗಿ ಇದರಾಗ ಹೊಲದೀನಿ.”

ಅವನ ನಗು ಹಾಗೇ ಮುಖದ ಮೇಲೆ ಉಳಿಯಿತು, ಒಣಗಿದ ಅಂಟಿನಂತೆ.

“ಮ್ಯಾಲಿಂದಾ?”

“ಕೆಳಗಿಂದು. ನಡುವಿನ ಹೊಲಿಗೀನೂ.”

ಕೂಸು ಮಲಗುವುದು ಆ ಹೊಲಿಗೆಯ ಮೇಲೆ. ಕೂಸು ಮಾಡುವ ಕೆಲಸವೇ ಎರಡು: ಹಾಲು ಕುಡಿಯುವುದು, ಒದ್ದೆ ಮಾಡುವುದು. ಕೆಳಗಿನ ದಾರ ಕರಗಿದರೆ ಮೇಲಿನ ದಾರ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು?

ಗುರಣ್ಣ ಗೊಲ್ಲಾಳಮ್ಮನ ನಂಬರಿಗೆ ಫೋನು ಹಚ್ಚಿದ. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ಮನೆ ತುಂಬ ಹೆಂಗಸರು, ಹಾಡು, ಹೋಳಿಗೆಯ ಗದ್ದಲ. ಫೋನು ಯಾವ ಗೂಡಿನಲ್ಲಿ ಬಿದ್ದಿದೆಯೋ.

“ಗಾಡಿ ಚಾವಿ ಕೊಡು.”

“ತೊಗೊ. ಜಲ್ದಿ ಹೋಗು. ಕಾಂತೇಶಾ,” ಎಂದು ಅವನು ಮೆಟ್ಟಿಲವರೆಗೆ ಬಂದು ದನಿ ತಗ್ಗಿಸಿದ, “ದಾರ ನಂದು ಅಂತ ಹೇಳಬ್ಯಾಡೋ.”

ಅವನಿಗೆ ಹೊಡೆಯಲು ನನಗೆ ಸಮಯ ಇರಲಿಲ್ಲ.

ಸ್ಕೂಟರು ಬಜಾರ ದಾಟುವವರೆಗೂ ಒದ್ದಾಡಿತು. ಊರ ಹೊರಗೆ ಹತ್ತಿ ಹೇರಿದ ಟ್ರ್ಯಾಕ್ಟರು ಇಡೀ ರಸ್ತೆಯನ್ನು ನುಂಗಿಕೊಂಡು ಹೋಗುತ್ತಿತ್ತು. ಹಾರ್ನು ಹೊಡೆದೆ, ಬೈದೆ, ಮಣ್ಣಿಗೆ ಇಳಿಸಿ ದಾಟಿದೆ. ಅದರ ಮುಂದೆ ನೀರಿನ ಟ್ಯಾಂಕರು. ಹಿಂದಿನ ನಳದಿಂದ ನೀರು ಸೋರುತ್ತ ರಸ್ತೆಯುದ್ದಕ್ಕೂ ಕಪ್ಪು ಗೆರೆ ಎಳೆದಿತ್ತು. ಆ ಗೆರೆಯ ಮೇಲೆಯೇ ಗಾಡಿ ಓಡಿಸಬೇಕಾಯಿತು. ಹನಿಗಳು ಮುಖಕ್ಕೆ ಬಡಿದವು. ಆ ದಾರ ಕರಗಲು ಎಷ್ಟು ನೀರು ಬೇಕು? ನನ್ನ ಉಗುಳು ಸಾಕಾಗಿತ್ತು.

ಜೋಳಿಗೆ ನೆಲದಿಂದ ಎಷ್ಟು ಎತ್ತರಕ್ಕೆ ಕಟ್ಟುತ್ತಾರೆ ಎಂದು ಲೆಕ್ಕ ಹಾಕಬಾರದು ಅಂದುಕೊಂಡಷ್ಟೂ ಅದೇ ಕಣ್ಣಿಗೆ ಬಂತು. ಹೆಂಗಸರ ಸೊಂಟದ ಎತ್ತರ. ಕೆಳಗೆ ನಮ್ಮ ಕಡೆಯ ಮನೆಗಳಲ್ಲೆಲ್ಲ ಇರುವ ಶಾಬಾದಿ ಕಲ್ಲಿನ ನೆಲ. ಒದ್ದೆಯಾದ ತಕ್ಷಣ ಪೂರಾ ಬಿಚ್ಚುವುದಿಲ್ಲ. ಮೊದಲು ಒಂದು ಟಾಕಿ ಹೊಲಿಗೆ, ಆಮೇಲೆ ಅದರ ಪಕ್ಕದ್ದು. ತೂಗುವವರಿಗೆ ಕಾಣಿಸುವುದಿಲ್ಲ, ಬಳ್ಳಿ ಮುಚ್ಚಿಕೊಂಡಿರುತ್ತದೆ. ಅವರು ಹಾಡು ಹೇಳುತ್ತ ಇನ್ನಷ್ಟು ಜೋರಾಗಿ ತೂಗುತ್ತಾರೆ. ನಿನ್ನೆ ಮಷೀನಿನ ಮುಂದೆ ನಾನು ಅಂದ ಮಾತು ನೆನಪಾಯಿತು. ಯಾರಿಗೂ ಕೇಳಿಸಿರಲಿಲ್ಲ ನಿಜ. ಆದರೆ ಬಟ್ಟೆ ಆಗ ನನ್ನ ಕೈಯಲ್ಲೇ ಇತ್ತು; ಅದಕ್ಕೆ ಕೇಳಿಸಿತ್ತೇನೋ.

ದೇವಾಪುರದಲ್ಲಿ ಮನೆ ಕೇಳಬೇಕಾಗಲಿಲ್ಲ. ಓಣಿಯ ಬಾಯಲ್ಲೇ ಹಾಡು ಕೇಳಿಸಿತು. ಬಾಗಿಲ ಮುಂದೆ ಹಸಿರು ತೋರಣ, ಚಪ್ಪಲಿಗಳ ರಾಶಿ. ಸ್ಕೂಟರನ್ನು ನಿಲ್ಲಿಸಲಿಲ್ಲ, ಬೀಳಿಸಿದೆ. ಅಂಗಳದಲ್ಲಿ ಕೂತಿದ್ದ ಗಂಡಸರಲ್ಲೊಬ್ಬ ಕೂಗಿದ: “ಏ ತಮ್ಮಾ, ಯಾರು ಬೇಕು? ಒಳಗ ಹೆಣ್ಣಮಕ್ಕಳದಾರ!”

“ಜೋಳಗಿ ತೂಗಬ್ಯಾಡ್ರಿ!” ಎಂದೆ. ಅಂದೆ ಅಂದುಕೊಂಡೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ತುಟಿಗೆ ಅಂಟಿದ ಆ ಗೋಂದು ಇನ್ನೂ ಹೋಗಿರಲಿಲ್ಲ.

ಹೊಸ್ತಿಲ ಮೇಲೆ ಕಾಲಿಟ್ಟಾಗ ಒಳಗೆ ಧಪ್ ಎಂದು ಸದ್ದಾಯಿತು.

ಕಲ್ಲಿನ ಮೇಲೆ ಭಾರದ್ದೇನೋ ಬಿದ್ದ ಸದ್ದು. ಹಾಡು ಅರ್ಧಕ್ಕೇ ನಿಂತಿತು. ಒಬ್ಬಳು ಕಿರುಚಿದಳು, ಆಮೇಲೆ ಎಲ್ಲರೂ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೆಂಗಸರ ಬೆನ್ನುಗಳು ಅಡ್ಡ ಇದ್ದವು, ಏನೂ ಕಾಣುತ್ತಿರಲಿಲ್ಲ. ಕೂಸಿನ ಅಳು ಕೇಳಿಸಲಿಲ್ಲ. ಅಳು ಬರಲಿ, ಒಂದು ಸಲ ಬರಲಿ, ನನ್ನ ಎರಡೂ ಕೈ ಹೋಗಲಿ, ಅಳು ಬರಲಿ ಎಂದು ಯಾರಿಗೆ ಕೈಮುಗಿದೆನೋ ನನಗೇ ಗೊತ್ತಿಲ್ಲ. ಬೆನ್ನುಗಳು ಸರಿದವು. ಅವರ ಕಾಲುಗಳ ನಡುವಿನಿಂದ, ಹಸಿರು ಕುಪ್ಪಸದ ಕಣ ಸುತ್ತಿಕೊಂಡ, ಅರಿಸಿನ ಹಚ್ಚಿದ ಒಂದು ಗುಂಡಗಿನ ವಸ್ತು ನಿಧಾನಕ್ಕೆ ಉರುಳುತ್ತ ನನ್ನ ಕಡೆಗೆ ಬಂತು. ಬಟ್ಟೆ ಬಿಚ್ಚಿಕೊಂಡಿತು. ಒಳಗೆ ಕರಿ ಕಲ್ಲು.

ಗುಂಡಕಲ್ಲು. ಖಾರ ಅರೆಯುವ ಗುಂಡಕಲ್ಲು. ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ಕಲ್ಲಿಗೆ ನೀರೆರೆದು, ಬಟ್ಟೆ ಸುತ್ತಿ, ಅದನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಹಾಕುವುದು. ನಮ್ಮ ಮನೆಯಲ್ಲೂ ಹಾಗೇ. ದಾರಿಯುದ್ದಕ್ಕೂ ಒಂದು ಸಲವೂ ಅದು ನನ್ನ ತಲೆಗೆ ಬಂದಿರಲಿಲ್ಲ. ಎರೆದ ನೀರು ಕಲ್ಲಿನಿಂದ ಇನ್ನೂ ಇಳಿಯುತ್ತಿತ್ತು.

ಅದು ಬಿದ್ದಲ್ಲಿ ಶಾಬಾದಿ ಕಲ್ಲು ಒಡೆದು ನಕ್ಷತ್ರದಂತೆ ಸೀಳಿತ್ತು. ಮೇಲೆ ತೊಲೆಯಿಂದ ಜೋಳಿಗೆ ಎರಡು ಭಾಗವಾಗಿ ತೂಗುತ್ತಿತ್ತು: ತವರಿನದು ಈ ಕಡೆ, ಬಳಿಚಕ್ರದ್ದು ಆ ಕಡೆ. ನಡುವೆ ನನ್ನ ಹಸಿರು ಬಳ್ಳಿ ದಾರದಾರವಾಗಿ ಇಳಿಬಿದ್ದಿತ್ತು.

ಕೂಸು ಗೋಡೆಯ ಹತ್ತಿರ ಮಣೆಯ ಮೇಲೆ ಕೂತ ತಾಯಿ ಗಂಗಾಳ ತೊಡೆಯ ಮೇಲಿತ್ತು. ಗಂಗಾ ಗೊಲ್ಲಾಳಮ್ಮನ ಮಗಳು. ಕೂಸು ಎಚ್ಚರವಾಗಿತ್ತು. ಅವಳ ಹೊಸ ಸೀರೆಯನ್ನು ಒದ್ದೆ ಮಾಡಿ, ಬಾಯಿ ತೆರೆದು ತೊಲೆಯನ್ನು ನೋಡುತ್ತಿತ್ತು. ಗಂಗಾ ಅದರ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು, ಬೀಳುವುದು ಇನ್ನೂ ಬಾಕಿ ಇದೆ ಅನ್ನುವಂತೆ.

“ಕೂಡಿದ ಎರಡು ಮನಿ ಬ್ಯಾರೆ ಆದಂಗಾತಲ್ಲೇ ಯವ್ವಾ,” ಎಂದಳು ಯಾರೋ. ಬಳಿಚಕ್ರದ ಬೀಗತಿ ನೆಲಕ್ಕೆ ಕುಸಿದು ಬಾಯಿ ಬಡಿದುಕೊಳ್ಳತೊಡಗಿದಳು.

ಗೊಲ್ಲಾಳಮ್ಮ ಮಾತ್ರ ಅಳಲಿಲ್ಲ. ತೂಗುವ ಬಟ್ಟೆಯ ಅಂಚನ್ನು ಹಿಡಿದು ಬೆರಳಿನಿಂದ ತಿಕ್ಕಿದಳು. ಬೆರಳು ಅಂಟಿತು. ಮೂಸಿ ನೋಡಿದಳು. ಆಮೇಲೆ ತಿರುಗಿ, ಹೊಸ್ತಿಲ ಮೇಲೆ ಬೆವತು ನಿಂತ ನನ್ನನ್ನು ಕಂಡಳು.

“ನೀ ಯಾಕ ಬಂದಿ?”

ಬೀಗತಿಯೂ ಬಾಯಿ ಬಡಿದುಕೊಳ್ಳುವುದನ್ನು ಬಿಟ್ಟು ನನ್ನತ್ತ ತಿರುಗಿದಳು.

“ಕರದಿಲ್ಲ, ಕಳಿಸಿಲ್ಲ. ಇದು ಬಿಚ್ಚತದಂತ ನಿನಗ ಹೆಂಗ ಗೊತ್ತಾತು?” ಅವಳ ದನಿಯಲ್ಲಿ ನಿನ್ನೆಯ ಜೋರು ಇರಲಿಲ್ಲ. “ಖರೇ ಹೇಳು. ಮಂದ್ಯಾಗ ನಾ ಅಂದೆ ಅಂತ ಬೇಕಂತ ಹೊಲದೇನು? ನನ್ನ ಮ್ಯಾಲಿನ ಸಿಟ್ಟು ಈ ಕೂಸಿನ ಮ್ಯಾಲ ತೀರಿಸ್ಬೇಕಂತ ಮಾಡಿದ್ದೇನು?”

ಇಲ್ಲ. ಮೆತ್ತಗಿನದು ಬೇಕೆಂದು ಹುಡುಕಿದೆ. ಕಣ್ಣಿನ ರೆಪ್ಪೆಯ ಮೇಲೆ ಎಳೆದು ನೋಡಿದೆ. ಗುರಣ್ಣ ಹೇಳಿರಲಿಲ್ಲ. ಎಲ್ಲ ಮಾತೂ ಬಾಯಿಗೆ ಬಂದವು, ಅವುಗಳ ಹಿಂದೆಯೇ ನಿನ್ನೆ ಎರಡು ತುಂಡಾಗಿ ಹೋಗಲಿ ಅಂದ ಆ ಮಾತೂ ಬಂತು. ಅದು ಎಲ್ಲಕ್ಕಿಂತ ಮುಂದೆ ಬಂದು ನಿಂತಿತು.

ಗಂಗಾ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು, ನನ್ನಿಂದ ಮರೆಮಾಡಿ.

ನಾನು ಒಳಗೆ ಹೋದೆ. ಯಾರೂ ತಡೆಯಲಿಲ್ಲ; ದಾರಿ ಬಿಟ್ಟು ಗೋಡೆಗೆ ಸರಿದರು. ಹಗ್ಗದಿಂದ ಕೋಲುಗಳನ್ನು ಬಿಡಿಸಿ, ಜೋಳಿಗೆಯ ಎರಡೂ ತುಂಡನ್ನು ಎಳೆದುಕೊಂಡೆ. ಮತ್ತೆ ಯಾರೂ ಅದರಲ್ಲಿ ಏನನ್ನೂ ಮಲಗಿಸಬಾರದು.

“ಬಾಯಿ ಇಲ್ಲೇನೋ ನಿನಗ? ಹೇಳೋ!” ಎಂದಳು ಗೊಲ್ಲಾಳಮ್ಮ ಹಿಂದಿನಿಂದ.

ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ಹೊಸ್ತಿಲು ದಾಟಿದೆ. ಅಂಗಿ ಒದ್ದೆಯಾಗಿ ಮೈಗೆ ಅಂಟಿತು. ಹಿಂದೆ ಕೂಸು ಈಗ ಅಳತೊಡಗಿತ್ತು, ಜೋರಾಗಿ, ಎದೆ ತುಂಬ. ಬಿದ್ದ ಸ್ಕೂಟರನ್ನು ಎತ್ತದೆ, ಆ ಅಳು ಓಣಿಯ ತಿರುವಿನವರೆಗೂ ಕೇಳಿಸುವಂತೆ ನಿಧಾನಕ್ಕೆ ನಡೆದೆ.