ಕುಲುವಿನಿಂದ ಉತ್ತರಕಾಶಿಗೆ

ಕುಲುವಿನಿಂದ ಉತ್ತರಕಾಶಿಗೆ ವಿಮಾನದಲ್ಲಿ ಎಷ್ಟು ದೂರ ಎಂಬ ಗಹನವಾದ ಪ್ರಶ್ನೆ ಮನುಕುಲದ ಮುಂದೆ ಬಂದು ನಿಂತದ್ದು ೧೯೭೪ರ ಒಂದು ಸೋಮವಾರ, ರಾಜಾಜಿನಗರದ ಪದ್ಮನಾಭಯ್ಯನವರ ಅಡುಗೆಮನೆಯಲ್ಲಿ, ಒಗ್ಗರಣೆ ಸೀಯುವ ಹೊತ್ತಿಗೆ.

ದೊಡ್ಡ ಮಗಳು ಪಂಕಜಾ ಕುಲುವಿನಲ್ಲಿದ್ದಳು. ಗಂಡನಿಗೆ ಅಲ್ಲಿ ತೋಟಗಾರಿಕೆಯ ಕೆಲಸ. ಅಲ್ಲಿಂದಲೇ ತಂಗಿಗೆ ವಾರಕ್ಕೆ ನಾಲ್ಕು ಪುಟ ಬುದ್ಧಿವಾದ ಬರೆಯುತ್ತಿದ್ದಳು. ಆ ತಂಗಿ ವತ್ಸಲಾಗೆ ಈಗ ಬಂದಿದ್ದ ವರ ಉತ್ತರಕಾಶಿಯಲ್ಲಿ ಇಂಜಿನಿಯರು. ಜಾತಕ ಕೂಡಿತ್ತು, ಹುಡುಗಿ ತಕರಾರಿಲ್ಲದೆ ಒಪ್ಪಿದ್ದಳು. ಇವನು ಹನ್ನೊಂದನೆಯ ಗಂಡು. ಇನ್ನೊಬ್ಬ ವರನ ಕಡೆಯವರಿಗೆ ಉಪ್ಪಿಟ್ಟು-ಕೇಸರಿಭಾತು ಕೊಟ್ಟು ಎದುರಿಗೆ ಕೂತು ನಗುವ ತ್ರಾಣ ಪದ್ಮನಾಭಯ್ಯನವರಲ್ಲಿ ಉಳಿದಿರಲಿಲ್ಲ. ಶನಿವಾರದೊಳಗೆ ಉತ್ತರ ಕೊಡಬೇಕಿತ್ತು.

“ಅಷ್ಟು ದೂರ ಕೊಡೋದಾದ್ರೆ ಅಕ್ಕನಾದ್ರೂ ಹತ್ತಿರ ಇರ್ಬೇಕು,” ಎಂದರು ಹೆಂಡತಿ ಅನಂತಲಕ್ಷ್ಮಮ್ಮ. “ಬಾಣಂತನಕ್ಕೆ ಯಾರು ಓಡ್ತಾರೆ? ವಿಮಾನದಲ್ಲಿ ಎಷ್ಟು ದೂರ ಅಂತ ಕೇಳ್ಕೊಂಡು ಬನ್ನಿ.”

ಪದ್ಮನಾಭಯ್ಯ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಹತ್ತಿಳಿದು ವಿಮಾನದ ಟಿಕೆಟ್ ಕೊಡುವ ಆಫೀಸಿಗೆ ಹೋದರು.

“ಉತ್ತರಕಾಶಿಗೆ ವಿಮಾನ ಇಲ್ಲ ಸಾರ್,” ಎಂದ ಗುಮಾಸ್ತ.

“ವಿಮಾನ ಬೇಡಪ್ಪ, ದೂರ ಹೇಳು ಸಾಕು.”

“ವಿಮಾನ ಇಳಿಯದ ಊರನ್ನ ನಾವು ಅಳೆಯಲ್ಲ ಸಾರ್.”

ಶುಕ್ರವಾರ ಸಂಜೆ ಎದುರುಮನೆಯ ಭೂಗೋಳದ ಮೇಷ್ಟ್ರು ವೆಂಕಟಗಿರಿ ಅಟ್ಲಾಸು ತಂದು ನಡುಮನೆಯಲ್ಲಿ ಹರಡಿದರು. ಹೂ ಕಟ್ಟುವ ದಾರದಿಂದ ಅಳೆದರು.

“ದಾರ ಬಿಗಿಯಾಗಿ ಹಿಡಿದಿದೀರಿ ಮೇಷ್ಟ್ರೇ,” ಎಂದರು ಅನಂತಲಕ್ಷ್ಮಮ್ಮ. “ಮಧ್ಯೆ ಬೆಟ್ಟ ಇಲ್ವೇ? ಹತ್ತಿ ಇಳೀಬೇಕಲ್ಲ.”

“ವಿಮಾನ ಬೆಟ್ಟ ಹತ್ತಲ್ಲ ಕಣೇ!” ಪದ್ಮನಾಭಯ್ಯ ಹಲ್ಲು ಕಡಿದರು.

ದಾರವನ್ನು ಅಡಿಪಟ್ಟಿಗೆ ಹಿಡಿದು, ಎರಡು ಸಲ ಗುಣಿಸಿ, ಮೇಷ್ಟ್ರು ತೀರ್ಪು ಕೊಟ್ಟರು: “ನೂರ ಹದಿನೈದು ಮೈಲಿ.”

“ನಮ್ಮ ಹಾಸನದಷ್ಟೇ!” ಪದ್ಮನಾಭಯ್ಯ ಐದು ದಿನಗಳಲ್ಲಿ ಮೊದಲ ಸಲ ನಕ್ಕರು.

ಅನಂತಲಕ್ಷ್ಮಮ್ಮನ ಮುಖವೂ ಅರಳಿತು. “ಹಾಗಾದ್ರೆ ಸರಿ. ಪಂಕಜಾ ತಿಂಗಳಿಗೊಂದ್ಸಲ ಬಂದು ಎಲ್ಲಾ ನೋಡ್ಕೋತಾಳೆ.”

ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ವತ್ಸಲಾಳ ಕೈ ನಿಂತಿತು. “ಇಷ್ಟು ಹತ್ತಿರಾನಾ? ಹಾಗಾದ್ರೆ ನನಗೆ ಬೇಡಪ್ಪ.”

“ಏನಮ್ಮ ಇದು!” ಎಂದರು ಅಪ್ಪ.

“ದೇಶದ ಆ ತುದಿ ಅಂದ್ರಿ, ಒಪ್ಕೊಂಡೆ. ನಾನು ಜಡೆ ಎಲ್ಲಿಂದ ಹೆಣೀಬೇಕು ಅಂತ ಅಕ್ಕ ಅಲ್ಲಿಂದ ಕಾಗದ ಬರೀತಾಳೆ. ಹಾಸನದಷ್ಟು ದೂರ ಅಂದ್ರೆ ಅವಳೇ ಬಂದು ಹೆಣೀತಾಳೆ.”

ಪದ್ಮನಾಭಯ್ಯ ಕಂಗಾಲಾದರು. “ಬರೋಕಾಗಲ್ಲ ಕಣಮ್ಮ! ವಿಮಾನವೇ ಇಲ್ಲ! ಬೆಟ್ಟ ಇಳಿದು, ಸುತ್ತಿ, ಮತ್ತೆ ಹತ್ತಿ ಬಸ್ಸಲ್ಲಿ ಮೂರು ದಿನ!”

ವತ್ಸಲಾ ಮತ್ತೆ ಮೊರದ ಕಡೆ ಬಗ್ಗಿದಳು. ಇನ್ನೇನು ಹೂಂ ಅನ್ನುವವಳಿದ್ದಳು.

“ಮೂರು ದಿನಾನಾ?” ಅನಂತಲಕ್ಷ್ಮಮ್ಮ ಎದ್ದು ನಿಂತರು. “ಇದನ್ನ ಮುಚ್ಚಿಟ್ಟಿದ್ರಾ? ಹೆತ್ತ ಮಗಳನ್ನ ಅಲ್ಲಿಗೆ ತಳ್ತೀರಾ?”

ಮೇಷ್ಟ್ರು ದಾರವನ್ನು ಉಂಡೆ ಸುತ್ತಿ ಅಟ್ಲಾಸಿನ ಮೇಲಿಟ್ಟರು. “ಬೇರೆ ಯಾವುದಾದ್ರೂ ಊರು ಅಳೀಬೇಕಾ?” ಎಂದು ವಿನಯದಿಂದ ಕೇಳಿದರು.

ಶನಿವಾರ ಬೆಳಿಗ್ಗೆ ಪದ್ಮನಾಭಯ್ಯ ವರನ ಕಡೆಯವರಿಗೆ ‘ಕಾರಣಾಂತರಗಳಿಂದ’ ಎಂದು ಒಂದು ಕಾರ್ಡು ಬರೆದು ಟಪಾಲು ಡಬ್ಬಕ್ಕೆ ಹಾಕಿದರು.