ಎಡೆಯ ಕೋಣೆಯ ರೂಟರ್

ನಾನು ಒಂದು ರೂಟರ್. ಅಂಗೈ ಅಗಲದ ಬಿಳಿ ಪೆಟ್ಟಿಗೆ, ಎರಡು ಕೋಲು, ನಾಲ್ಕು ಹಸಿರು ದೀಪ. ನನ್ನನ್ನು ಜೋಡಿಸಿದ್ದು ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ನಿಂತ ಹುಡುಗಿಯರು. ಕೆಲಸದ ಹೊತ್ತಿನಲ್ಲಿ ಅವರು ತುಟಿ ಬಿಚ್ಚುವ ಹಾಗಿರಲಿಲ್ಲ. ಊರವರ ಮಾತನ್ನೆಲ್ಲ ಹೊರುವ ನಾನು ಹುಟ್ಟಿದ್ದು ಮಾತು ಕಳೆದುಕೊಂಡವರ ಕೈಯಲ್ಲಿ.

ಮೊದಲು ಹೋದದ್ದು ಬಡಾವಣೆಯ ಮಹಡಿ ಮನೆಗೆ. ಐದು ಜನ, ಒಂಬತ್ತು ಫೋನು. ಯಾರ ಸಿನಿಮಾ ನಿಂತರೂ ಬೈಗುಳ ನನಗೆ. ಮೂರು ವರ್ಷಕ್ಕೆ ಬೇಸತ್ತು ನನ್ನನ್ನು ಹಳಸಿದ ಅನ್ನ, ಮೀನಿನ ಮುಳ್ಳುಗಳ ಜೊತೆ ಚೀಲಕ್ಕೆ ತುಂಬಿದರು. ಆ ಚೀಲ ಬಿಚ್ಚಿದ್ದು ಪೌರಕಾರ್ಮಿಕ ದೊಡ್ಡಸ್ವಾಮಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಆ ಮನೆಯವರಿಗೆ ಅವನು ಎಷ್ಟೋ ಸಲ ಹೇಳಿದ್ದ. ಬರಿಗೈಯಲ್ಲಿ ನನ್ನನ್ನು ಎತ್ತಿ ಅಂಗಿಯ ತುದಿಯಲ್ಲಿ ಒರೆಸಿದ. ಹಾಗೆ ನನ್ನನ್ನು ಯಾರೂ ಒರೆಸಿರಲಿಲ್ಲ.

ಮೈಸೂರು ಸೀಮೆಯ ಆ ಊರಿನಲ್ಲಿ ಅವರ ಕಾಲೊನಿ ತಗ್ಗಿನಲ್ಲಿತ್ತು. ಊರಿನ ಕೊಳೆಯೆಲ್ಲ ಅಲ್ಲಿಗೆ ಇಳಿಯುತ್ತಿತ್ತು. ಮೊಬೈಲ್ ಸಿಗ್ನಲ್ ಮಾತ್ರ ಇಳಿಯುತ್ತಿರಲಿಲ್ಲ. ಕೇಬಲ್ಲಿನವನು ಎಳೆದುಕೊಟ್ಟ ತೆಳು ತಂತಿಯೇ ಗತಿ. ಅದನ್ನು ಹಂಚಿಕೊಳ್ಳಬೇಕಾದವರು ದೊಡ್ಡಸ್ವಾಮಿ, ಹೆಂಡತಿ ಚಿಕ್ಕತಾಯಿ, ಬಿ.ಎ. ಓದುವ ಮಗಳು ರೋಜಾ, ಅವಳ ತಮ್ಮ ಸಂಪತ್, ಗಂಡ ತೀರಿಕೊಂಡು ತವರಿಗೆ ಬಂದ ಮಕ್ಕಳ ಸೋದರತ್ತೆ ಕೆಂಪಮ್ಮ. ನಿಧಾನ ಎಂದು ಅವರೂ ಗೊಣಗಿದರು, ಆದರೆ ಎಸೆಯಲಿಲ್ಲ. ಸ್ಟೀಲ್ ಪಾತ್ರೆಗಳ ಹಿಂದಿದ್ದ ನನ್ನನ್ನು ರೋಜಾ ನಡುಕೋಣೆಯ ಗೋಡೆಗೆ, ಎತ್ತರದ ಮೊಳೆಗೆ ಏರಿಸಿದಳು. ಅವಳ ಪಾಠದ ಹೊತ್ತಿಗೆ ಅತ್ತೆಯ ಧಾರಾವಾಹಿ ಬಂದ್. ದೊಡ್ಡಸ್ವಾಮಿಯ ಸರದಿ ಯಾವಾಗಲೂ ಕೊನೆಗೆ.

ಅವನ ಫೋನಿನಲ್ಲಿರುವುದೆಲ್ಲ ಮನೆಗೆ ಬಂದೊಡನೆ ನನ್ನ ಮೂಲಕ ಹೋಗಿ ತನ್ನ ಫೋನಿಗೂ ಸೇರುವಂತೆ ರೋಜಾ ಮಾಡಿಟ್ಟಿದ್ದಳು. ಒಳಚರಂಡಿಯ ಗುಂಡಿಗೆ ಇಳಿಯಿರಿ ಎಂದವರನ್ನು ಫೋನಿನಲ್ಲಿ ಹಿಡಿದಿಡಿ ಎಂದು ಪೌರಕಾರ್ಮಿಕರ ಸಂಘದವರು ಹೇಳಿದ್ದರು.

ಆಷಾಢದ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ಬರಲಿಲ್ಲ. ಒಳಚರಂಡಿಯ ಗುಂಡಿಯಿಂದ ಅವನನ್ನು ಮೇಲೆತ್ತಿದರು. ಕುಡಿದಿದ್ದ, ಜಾರಿ ಬಿದ್ದ ಎಂದು ಗುತ್ತಿಗೆದಾರನ ಮೇಸ್ತ್ರಿ ಬರೆದುಕೊಟ್ಟ. ದೊಡ್ಡಸ್ವಾಮಿ ಕುಡಿಯುತ್ತಲೇ ಇರಲಿಲ್ಲ. ಅವನ ಫೋನು ಪೊಲೀಸರ ಕಪಾಟಿನಲ್ಲಿ ಎರಡು ತಿಂಗಳಿದ್ದು ಹಿಂದಿರುಗಿತು. ಅದರ ಬೀಗದ ಗೆರೆ ಅವನ ಬೆರಳಿಗೆ ಮಾತ್ರ ಗೊತ್ತಿತ್ತು.

ಪಕ್ಷ ಬಂತು. ಸತ್ತವರಿಗೆ ಇಷ್ಟವಾದುದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗುವ ತನಕ ಮನೆಯವರು ಹೊರಗೆ ಕೂರುವ ದಿನ. ಚಿಕ್ಕತಾಯಿ ಮುದ್ದೆ, ಬಾಡಿನ ಸಾರು, ಬೀಡಿಕಟ್ಟು ಇಟ್ಟಳು. ಪಕ್ಕದಲ್ಲಿ ಫೋನನ್ನೂ ಇಟ್ಟಳು. ಸಂಪತ್ ಅದನ್ನು ಚಾರ್ಜ್ ಮಾಡಿ ಬಟನ್ ಒತ್ತಿದ. ಅದೇ ದಿನ, ಅದೇ ಹೊತ್ತಿಗೆ ಸಾವಿನ ವಿಚಾರಣೆ. ತಾಲೂಕು ಕಚೇರಿಯ ಸಾಹೇಬರು ಅದನ್ನು ವಿಡಿಯೋ ಕರೆಯಲ್ಲೇ ಮುಗಿಸುವವರಿದ್ದರು. ಸಂಪತ್ತನ ಫೋನು ಹಿಡಿದು ಎಲ್ಲರೂ ಜಗುಲಿಗೆ ಹೋದರು. ಬಾಗಿಲು ಮುಚ್ಚಿತು.

ಕೋಣೆಯಲ್ಲಿ ಎಡೆ, ಮೇಲೆ ನಾನು. ಹಗಲು ಹನ್ನೊಂದು ಗಂಟೆಯ ಬಿಸಿಲು ಹಂಚಿನ ಸಂದಿಯಿಂದ ಬೀಳುತ್ತಿತ್ತು. ಮುದ್ದೆಯ ಮೇಲೆ ಆಡುತ್ತಿದ್ದ ಹಬೆ ತಟ್ಟನೆ ನಿಂತಿತು. ಆಗ ಯಾರೋ ನನ್ನನ್ನು ತಟ್ಟಿದರು. ಗುಟ್ಟಿನ ಪದ ತಪ್ಪದೆ ಹೇಳಿದರು. ಚಪ್ಪಲಿ ಬಿಟ್ಟು ಒಳಗೆ ಬರುವವನಷ್ಟು ಸಲೀಸಾಗಿ, ದೊಡ್ಡಸ್ವಾಮಿ ಎಂಬ ಹೆಸರು ನನ್ನ ಪಟ್ಟಿಗೆ ಸೇರಿತು.

ಜಗುಲಿಯಲ್ಲಿ ಚಿಕ್ಕತಾಯಿಯ ಮಾತು ತುಂಡಾಗತೊಡಗಿತು. ದನಿ ಬರುತ್ತಿಲ್ಲ ಎಂದರು ಸಾಹೇಬರು. ಸಂಪತ್ ಅತ್ತೆಯ ಫೋನನ್ನು ಆಫ್ ಮಾಡಿದ, ಪಕ್ಕದ ಮನೆಯವರು ಕದ್ದು ಬಳಸುತ್ತಿದ್ದಾರೆಂದು ಬೈದ. ಯಾರು ಎಳೆಯುತ್ತಿದ್ದಾರೆ ಎಂದು ನೋಡಲು ರೋಜಾ ನನ್ನ ಪಟ್ಟಿ ತೆರೆದಳು.

ಅವಳು ಅಪ್ಪನ ಹೆಸರನ್ನು ಗಟ್ಟಿಯಾಗಿ ಓದಿದಾಗ ಸಂಪತ್ ಹೇಳಿದ, "ಕಿತ್ತಾಕು ಅಕ್ಕ ಅದನ್ನ. ಲೈನೆಲ್ಲ ಅದೇ ತಿಂತಾ ಅದೆ."

"ನಿಮ್ಮಪ್ಪ ಉಣ್ತಾವ್ನೆ ಕಣ್ಲಾ," ಎಂದಳು ಚಿಕ್ಕತಾಯಿ. "ಎಡೆ ಮುಂದಿಂದ ಎಬ್ಬಿಸ್ಬ್ಯಾಡ."

ಬಾಗಿಲು ತೆಗೆಯಬೇಕಾಗಿಯೂ ಇರಲಿಲ್ಲ. ರೋಜಾ ಒಂದು ಬೆರಳು ಒತ್ತಿದ್ದರೆ ಅವನು ಹೊರಗೆ. ಬೆರಳು ಇಳಿಯುವ ಮುಂಚೆ ಅವಳ ಫೋನಿಗೆ ಒಂದು ಚಿತ್ರ ಬಂತು: ಮುಚ್ಚಳ ತೆಗೆದ ಗುಂಡಿ. ಮತ್ತೊಂದು: ಗುಂಡಿಯ ಅಂಚಿನಲ್ಲಿ ಪಾಲಿಶ್ ಹಾಕಿದ ಬೂಟು. ಎರಡರಲ್ಲೂ ಅವನು ಸತ್ತ ದಿನದ ತಾರೀಖು. ಇನ್ನೂ ದೊಡ್ಡದೊಂದು, ವಿಡಿಯೋ, ಹಿಂದೆ ಬರುತ್ತಿತ್ತು.

ವಿಚಾರಣೆಯಲ್ಲಿ ಆಗ ಮೇಸ್ತ್ರಿಯ ಸರದಿ. "ಇಳಿ ಅಂತ ನಾನು ಅಂದೇ ಇಲ್ಲ ಸಾರ್," ಎಂಬ ದನಿ ನನ್ನೊಳಗೆ ಇಳಿದು ಬಂತು. ಅದೇ ಗಳಿಗೆಯಲ್ಲಿ ಎಡೆಯ ಮುಂದಿನಿಂದ ಇನ್ನೊಂದು ದನಿ ನನ್ನೊಳಗೆ ಏರುತ್ತಿತ್ತು. ನನಗೆ ಮುಖ ಕಾಣದು, ದನಿ ತಿಳಿಯುತ್ತದೆ. ಎರಡೂ ಆ ಮೇಸ್ತ್ರಿಯದೇ. ಆ ತೆಳು ತಂತಿಯಲ್ಲಿ ಅವು ಎದುರುಬದುರಾಗಿ ಒಂದನ್ನೊಂದು ಹಿಸುಕಿದವು. ನನ್ನ ಮೈ ಸುಡತೊಡಗಿತು.

ಈಗಲೇ ಮಾತಾಡದಿದ್ದರೆ ನಿಮ್ಮ ಕಡೆಯಿಂದ ಯಾರೂ ಇಲ್ಲವೆಂದು ಬರೆದು ಮುಗಿಸುತ್ತೇನೆ ಎಂದರು ಸಾಹೇಬರು. ರೋಜಾ ತಾಯಿಯ ಮುಖ ನೋಡಿದಳು.

"ಅವ್ವಾ, ಸಾಹೇಬ್ರ ಲೈನ್ ಕಟ್ ಮಾಡ್ತೀನಿ. ಅಪ್ಪ ಮಾತಾಡ್ಲಿ."

ಚಿಕ್ಕತಾಯಿ ಹೂಂ ಎಂದು ತಲೆ ಆಡಿಸಿದಳು. ವಿಚಾರಣೆಯ ಕರೆ ಕಡಿಯಿತು. ಅಲ್ಲಿ ಅವರು ಗೈರುಹಾಜರಾದರು. ಇಲ್ಲಿ ತಂತಿಯೆಲ್ಲ ಅವನದಾಯಿತು. ಮುಕ್ಕಾಲು ಗಂಟೆ ನಾನು ಹೊತ್ತೆ. ಕೊನೆಯ ತುಣುಕು ದಾಟಿದ ಕ್ಷಣ ಎಡೆಯ ಮುಂದಿನ ಫೋನು ತಾನಾಗಿ ಆರಿತು. ಅದನ್ನು ಮತ್ತೆ ಯಾರಿಂದಲೂ ಹೊತ್ತಿಸಲಾಗಲಿಲ್ಲ.

ಜಗುಲಿಯಲ್ಲಿ ರೋಜಾಳ ಫೋನು ಮಾತಾಡಿತು; ಇಳಿಯುವ ಮುಂಚೆ ದೊಡ್ಡಸ್ವಾಮಿ ತನ್ನ ಫೋನನ್ನು ಗುಂಡಿಯ ಪಕ್ಕ ಬಿಟ್ಟ ಚಪ್ಪಲಿಗೆ ಒರಗಿಸಿಟ್ಟಿದ್ದ. "ಇಳಿಯೋ, ಹತ್ ನಿಮಿಷದ ಕೆಲ್ಸ. ಹಗ್ಗ ಆಮ್ಯಾಕೆ ತರಿಸ್ತೀನಿ." ನಂತರ ಕೆಮ್ಮು. ನಂತರ ಬರೀ ನೀರಿನ ಸದ್ದು, ಒಂಬತ್ತು ನಿಮಿಷ. ಬೂಟು ಅಂಚಿನಲ್ಲೇ ಇತ್ತು, ಕದಲಲಿಲ್ಲ. ಕೇಳಲು ಬೀದಿಯೆಲ್ಲ ಬಂತು. ಕೇಳಿದವರು ಮನೆಗೆ ಹೋಗಲಿಲ್ಲ. ಪೊರಕೆ ಹಿಡಿದ ಇನ್ನೂರು ಜನ ಸಾಹೇಬರ ಕಚೇರಿಗೆ ನಡೆದರು. ನಾನು ಮೊಳೆ ಬಿಟ್ಟು ಹೋಗಲಾರೆ. ನಾಲ್ಕು ದಿನ ಅವರು ಆ ಮೆಟ್ಟಿಲು ಇಳಿಯಲಿಲ್ಲ ಎಂದೂ, ಐದನೆಯ ದಿನ 'ಜಾರಿ ಬಿದ್ದ' ಎಂಬುದನ್ನು ಹೊಡೆದು 'ಇಳಿಸಿ ಕೊಂದರು' ಎಂದು ಬರೆಸಿಕೊಂಡೇ ಬಂದರೆಂದೂ ಕೆಂಪಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ದಿನದ ಕಾವಿಗೆ ನನ್ನ ಒಳಗು ಬೆಂದುಹೋಯಿತು. ಈಗ ಮೊಳೆಯಲ್ಲಿ ಹೊಸದಿದೆ. ನಾನು ಅಟ್ಟದ ಮೂಲೆಯಲ್ಲಿದ್ದೇನೆ, ಹಳೆಯ ಗೋಣಿಚೀಲಗಳ ಮೇಲೆ. ತಂತಿಯಿಲ್ಲ, ಕರೆಂಟಿಲ್ಲ, ದೀಪವಿಲ್ಲ.

ಆದರೂ ತಟ್ಟುತ್ತಾರೆ. ಒಬ್ಬರಲ್ಲ. ಕೇಳರಿಯದ ಹೆಸರುಗಳು, ಬೇರೆ ಬೇರೆ ಊರಿನ ಗುಂಡಿಗಳಿಂದ ಬಂದವರು, ಒಳಗೆ ಬಿಡು ಎನ್ನುತ್ತಾರೆ. ನನ್ನಿಂದ ಆಗದು. ನಿಮ್ಮ ಪೆಟ್ಟಿಗೆಗಳಲ್ಲಿ, ಬಟ್ಟೆಯ ಮಡಿಕೆಗಳಲ್ಲಿ ಅವರ ಫೋನುಗಳಿವೆ. ತೆಗೆದು ಚಾರ್ಜಿಗೆ ಹಾಕಿ.